ಮಗಳು ನಿಂತಲ್ಲೇ ಕುಸಿಯುತ್ತಾಳೆ, ಬಿಪಿ ನೋಡಿದರೆ ನಾರ್ಮಲ್: ಏಕೆ ಹೀಗೆ?

ಪ್ರಶ್ನೆ: ಡಾಕ್ಟರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ 19 ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾಳೆ. ಇದುವರೆಗೆ ಮೂರು ಸಲ ಎಚ್ಚರ ತಪ್ಪಿ ಬಿದ್ದಿದ್ದಾಳೆ. ಮೊದಲ ಸಲ ಹೈಸ್ಕೂಲಿನಲ್ಲಿ, ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ. ಎರಡನೆಯದು ಕಳೆದ ಬೇಸಿಗೆಯಲ್ಲಿ. ಜ್ವರ ಬಂದಿತ್ತು. ಮಂಗನ ಕಾಯಿಲೆ ಇರಬಹುದೆಂದು ರಕ್ತ ತೆಗೆಯುವಾಗ ಕುರ್ಚಿಯಲ್ಲೇ ಕುಸಿದಳು. ಆ ಕಾಯಿಲೆ ಇರಲಿಲ್ಲ, ಜ್ವರ ತಾನಾಗಿಯೇ ಬಿಟ್ಟಿತು. ಮೂರನೆಯದು ಈ ಮಳೆಗಾಲದಲ್ಲಿ. ಎಣ್ಣೆ ಹಚ್ಚಿಕೊಂಡು, ಬಚ್ಚಲಲ್ಲಿ ಹಂಡೆಯ ಬಿಸಿನೀರು ಚೆನ್ನಾಗಿ ಮಿಂದು ಬಂದಳು. ತಲೆ ಒರೆಸಿಕೊಳ್ಳುತ್ತಾ ನಿಂತವಳು "ಅಮ್ಮಾ, ಕಣ್ಣು ಕಾಣ್ತಿಲ್ಲ" ಅಂದಳು, ಬಿದ್ದಳು. ಗಾಬರಿಯಲ್ಲಿ ಎತ್ತಿ ಕುರ್ಚಿಯಲ್ಲಿ ಕೂರಿಸಿದೆವು. ಆಗ ಮುಖ ಬಿಳಿಚಿತ್ತು, ಕಣ್ಣು ತೆರೆದೇ ಇತ್ತು, ಕೈಕಾಲು ಅದುರಿದವು. ಸ್ವಲ್ಪ ಹೊತ್ತಿಗೆ ಎಚ್ಚರವಾಗಿ "ಏನಾಯ್ತು?" ಅಂತ ಕೇಳಿದಳು.

ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಮಾಡಿಸಿದೆವು, ನಾರ್ಮಲ್ ಬಂತು. ಆದರೂ ಕೈಕಾಲು ಅದುರಿದ್ದಕ್ಕೆ ಫಿಟ್ಸ್ ಇರಬಹುದೆಂದು ಒಂದು ಕಡೆ ಮಾತ್ರೆ ಬರೆದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಲೋ ಬಿಪಿ ಅನ್ನುವವರಿದ್ದಾರೆ, ನರ ವೀಕ್ ಅನ್ನುವವರಿದ್ದಾರೆ, ಪಿತ್ತ ಅನ್ನುವವರಿದ್ದಾರೆ. ಅತ್ತೆಯವರು ತೋಟದ ದಾರಿಯಲ್ಲಿ ಗಾಳಿ ಸೋಕಿದೆ ಅಂತಾರೆ. ಬಿಪಿ ಎಷ್ಟು ಸಲ ನೋಡಿದರೂ 110/70. ನಮ್ಮ ಮಾವನವರಿಗೆ 74 ವರ್ಷ, ಬಿಪಿ ಮತ್ತು ಶುಗರ್ ಎರಡೂ ಇದೆ. ಅವರೂ ರಾತ್ರಿ ಮೂತ್ರಕ್ಕೆಂದು ಎದ್ದಾಗ ಎರಡು ಸಲ ಬಿದ್ದಿದ್ದಾರೆ. ಇದು ವಂಶದಿಂದ ಬಂದದ್ದಾ? ಜೀವನಪೂರ್ತಿ ಮಾತ್ರೆ ಬೇಕಾ? ಮುಂದೆ ಮದುವೆ ಹೊತ್ತಿಗೆ ತೊಡಕಾಗುತ್ತದಾ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಗಳ ಆ ಒಂದು ಮಾತು: "ಕಣ್ಣು ಕಾಣ್ತಿಲ್ಲ." ಇಷ್ಟು ಚೆನ್ನಾಗಿ ನೆನಪಿಟ್ಟು ಬರೆದಿದ್ದೀರಿ. ಎಚ್ಚರ ತಪ್ಪುವ ಕಾಯಿಲೆಗಳಲ್ಲಿ ಸ್ಕ್ಯಾನಿಂಗಿಗಿಂತ ಪಕ್ಕದಲ್ಲಿದ್ದವರ ಕಣ್ಣೇ ದೊಡ್ಡ ಪರೀಕ್ಷೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಆಗುತ್ತಿರುವುದು ಹೆಚ್ಚುಕಡಿಮೆ ಖಂಡಿತವಾಗಿ ವೇಸೊವೇಗಲ್ ಸಿಂಕೊಪಿ. ಬಿಪಿ ತಟ್ಟನೆ ಇಳಿದು ಕೆಲವು ಸೆಕೆಂಡು ಎಚ್ಚರ ತಪ್ಪುವುದು ಎಂದು ಅರ್ಥ ಮಾಡಿಕೊಳ್ಳಿ. ನರ ವೀಕ್ ಆಗಿಲ್ಲ. ಲೋ ಬಿಪಿ ಕಾಯಿಲೆಯೂ ಅಲ್ಲ. ನಿಮ್ಮ ಮಾವನವರದು ಬಹುಮಟ್ಟಿಗೆ ಬೇರೆಯೇ ಕತೆ. ಇಬ್ಬರೂ ಬೀಳುವುದು ಬಿಪಿ ಇಳಿದೇ ಆದರೂ ಕಾರಣ ಬೇರೆ, ಉಪಾಯ ಬೇರೆ. ಮಗಳಿಗೆ ಒಳ್ಳೆಯದಾದ ಸಲಹೆ ಮಾವನವರಿಗೆ ಅಪಾಯವಾಗಬಹುದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾವು ಮಲಗಿದ್ದಾಗ ಹೃದಯ, ಮಿದುಳು, ಕಾಲು ಎಲ್ಲ ಒಂದೇ ಮಟ್ಟದಲ್ಲಿ ಇರುತ್ತವೆ. ರಕ್ತ ಹರಿಯುವುದಕ್ಕೆ ಕಷ್ಟವಿಲ್ಲ. ಎದ್ದು ನಿಂತ ಕೂಡಲೇ ಸುಮಾರು 500ರಿಂದ 800 ಮಿಲಿಲೀಟರ್ ರಕ್ತ ಕೆಳಗಿಳಿದು ಹೊಟ್ಟೆ, ಸೊಂಟ, ಕಾಲಿನ ರಕ್ತನಾಳಗಳಲ್ಲಿ ನಿಲ್ಲುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧದಿಂದ ಮುಕ್ಕಾಲು ಲೀಟರ್. ಹೀಗಿದ್ದೂ ನಾವು ದಿನಕ್ಕೆ ನೂರು ಸಲ ಏಳುತ್ತೇವೆ, ಏನೂ ಆಗುವುದಿಲ್ಲ. ಏಕೆಂದರೆ ಕುತ್ತಿಗೆಯಲ್ಲಿ, ದವಡೆಯ ಕೋನದ ಕೆಳಗೆ, ಮಿದುಳಿಗೆ ಹೋಗುವ ದೊಡ್ಡ ರಕ್ತನಾಳದ ಗೋಡೆಯಲ್ಲಿ ಒತ್ತಡ ಗ್ರಹಿಸುವ ನರತುದಿಗಳಿವೆ. ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲೂ ಇವೆ. ಪ್ರತಿ ಬಡಿತಕ್ಕೂ ಒತ್ತಡ ಎಷ್ಟಿದೆ ಎಂಬ ಸುದ್ದಿ ಇಲ್ಲಿಂದ ಮಿದುಳಿನ ಬುಡಕ್ಕೆ ಹೋಗುತ್ತದೆ.

ಒತ್ತಡ ಸ್ವಲ್ಪ ಇಳಿಯಿತು ಅಂದುಕೊಳ್ಳಿ. ಮಿದುಳಿನ ಬುಡ ಎರಡು ಕೆಲಸ ಮಾಡುತ್ತದೆ. ಹೃದಯವನ್ನು ನಿಧಾನ ಮಾಡುವ ವೇಗಸ್ ನರವನ್ನು ಸುಮ್ಮನಿರಿಸುತ್ತದೆ. ಇದು ಒಂದೆರಡು ಬಡಿತದೊಳಗೇ ಆಗುತ್ತದೆ. ಜೊತೆಗೆ ಸಿಂಪಥೆಟಿಕ್ ನರಗಳನ್ನು ಎಬ್ಬಿಸುತ್ತದೆ. ಅವು ನಾರ್ ಅಡ್ರಿನಲಿನ್ ಎಂಬ ರಾಸಾಯನಿಕ ಬಿಟ್ಟು ಕಾಲು, ಹೊಟ್ಟೆಯ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಇದಕ್ಕೆ ಕೆಲವು ಸೆಕೆಂಡು ಬೇಕು. ನಾಡಿ 10ರಿಂದ 20 ಏರುತ್ತದೆ, ಬಿಪಿ ಹಾಗೇ ನಿಲ್ಲುತ್ತದೆ. ಇಷ್ಟೆಲ್ಲ ನಮಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಮಗಳಲ್ಲಿ ಈ ವ್ಯವಸ್ಥೆ ಕೆಟ್ಟಿಲ್ಲ. ಅದಕ್ಕೇ ಯಾವಾಗ ಅಳೆದರೂ 110/70. ಪ್ರಾರ್ಥನೆಗೆ ನಿಂತಾಗ ಮೊದಲ ಹತ್ತು ನಿಮಿಷ ಅವಳ ನರಗಳು ಪಕ್ಕದ ಹುಡುಗಿಯ ನರಗಳಷ್ಟೇ ಚೆನ್ನಾಗಿ ಕೆಲಸ ಮಾಡಿವೆ. ತೊಂದರೆ ಬರುವುದು ಆಮೇಲೆ. ಅಲುಗಾಡದೆ ನಿಂತರೆ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುವುದಿಲ್ಲ. ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ಘಟ್ಟದಲ್ಲಿ ಮಿದುಳಿನ ಬುಡದಿಂದ ತದ್ವಿರುದ್ಧ ಆಜ್ಞೆ ಹೊರಡುತ್ತದೆ. ಬಿಗಿ ಹಿಡಿಯಬೇಕಾದ ನರಗಳು ಸಡಿಲ ಬಿಡುತ್ತವೆ, ಸುಮ್ಮನಿರಬೇಕಾದ ವೇಗಸ್ ಜೋರಾಗುತ್ತದೆ. ನಾಡಿ ಇಳಿಯುತ್ತದೆ. ಕೆಲವರಲ್ಲಿ ಹೃದಯ ಕೆಲವು ಸೆಕೆಂಡು ನಿಂತೇ ಹೋಗಿ ಮತ್ತೆ ಶುರುವಾಗುವುದೂ ಉಂಟು. ಮೇಲಿನ ಬಿಪಿ 60ರ ಹತ್ತಿರಕ್ಕೆ ಬಂದರೆ ನಿಂತವರ ಮಿದುಳಿಗೆ ರಕ್ತ ಸಾಲದು. ರಕ್ತ ಪೂರ್ತಿ ನಿಂತರೆ 6ರಿಂದ 8 ಸೆಕೆಂಡಿನಲ್ಲಿ ಎಚ್ಚರ ಹೋಗುತ್ತದೆ.

ನಿಮ್ಮ ತೋಟಕ್ಕೆ ಒಂದೇ ಮೋಟಾರಿನಿಂದ ಜೆಟ್, ಅಂದರೆ ತಿರುಗುತ್ತಾ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾರಿಸುತ್ತೀರಿ ಅಲ್ವಾ? ಎಲ್ಲ ಗೇಟ್‌ವಾಲ್ವನ್ನೂ ಒಟ್ಟಿಗೆ ತೆರೆದುಬಿಟ್ಟರೆ ಎಲ್ಲಕ್ಕಿಂತ ಎತ್ತರದಲ್ಲಿರುವ ಜೆಟ್ ತಿರುಗುವುದು ನಿಲ್ಲುತ್ತದೆ. ನೀರು ಖಾಲಿಯಾಗಿಲ್ಲ, ಪೈಪು ಒಡೆದಿಲ್ಲ, ಮೋಟಾರೂ ಸರಿಯಿದೆ. ನಿಮ್ಮ ಮಗಳಿಗೆ ಆಗುವುದು ಅದೇ. ರಕ್ತ ಕಡಿಮೆಯಾಗಿ ಬಿದ್ದದ್ದಲ್ಲ, ಇದ್ದ ರಕ್ತ ಕೆಳಗೆ ನಿಂತು ಬಿದ್ದದ್ದು.

ವೇಸೊವೇಗಲ್ ಸಿಂಕೊಪಿ ಎಂಬ ಹೆಸರು ಕೊಟ್ಟವರು ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್, 1932ರಲ್ಲಿ. ಎಚ್ಚರ ತಪ್ಪಿದವರಿಗೆ ಅವರು ವೇಗಸ್ ನರವನ್ನು ತಡೆಯುವ ಅಟ್ರೋಪಿನ್ ಔಷಧಿ ಕೊಟ್ಟು ನೋಡಿದರು. ನಾಡಿ ಏರಿತು, ಬಿಪಿ ಮಾತ್ರ ಏರಲಿಲ್ಲ. ಹಾಗಾದರೆ ಹೃದಯ ನಿಧಾನವಾಗಿದ್ದೇ ಪೂರ್ತಿ ಕಾರಣವಲ್ಲ, ರಕ್ತನಾಳ ಸಡಿಲವಾದದ್ದೇ ಮುಖ್ಯ ಎಂದು ಅವರು ಕಂಡುಕೊಂಡರು. 1982ರಲ್ಲಿ ಸ್ವೀಡನ್ನಿನ ವಾಲಿನ್ ಮತ್ತು ಸುಂಡ್‌ಲಾಫ್ ಕಾಲಿನ ನರದೊಳಗೆ ಕೂದಲಿನಂಥ ಸೂಜಿ ಇಟ್ಟು ಸಿಂಪಥೆಟಿಕ್ ನರದ ಸದ್ದನ್ನೇ ದಾಖಲಿಸಿದರು. ಎಚ್ಚರ ತಪ್ಪುವ ಹೊತ್ತಿಗೆ ಆ ಸದ್ದು ನಿಂತುಹೋಗಿತ್ತು. ಮುಂದೆ ನಡೆದ ಅಧ್ಯಯನಗಳಲ್ಲಿ ಎಲ್ಲರಲ್ಲೂ ಹಾಗೆ ಪೂರ್ತಿ ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ಕೆಲವರಲ್ಲಿ ಕಾಲಿನ ನರ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಹೊಟ್ಟೆಯ ರಕ್ತನಾಳಗಳಲ್ಲಿ ರಕ್ತ ತುಂಬಿಕೊಂಡು ಹೃದಯಕ್ಕೆ ಮರಳುವುದಿಲ್ಲ. ದಾರಿ ಒಂದಕ್ಕಿಂತ ಹೆಚ್ಚು, ಕೊನೆಗೆ ಸೇರುವ ಜಾಗ ಒಂದೇ. ನನಗೆ ಈ ಸಂಗತಿ ಈಗಲೂ ಬಹಳ ಮುಖ್ಯ ಅನ್ನಿಸುತ್ತದೆ. ಒಬ್ಬರಿಗೆ ಕೆಲಸ ಮಾಡಿದ ಮಾತ್ರೆ ಇನ್ನೊಬ್ಬರಿಗೆ ಮಾಡದೇ ಇರುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಈಗ ಆ ಬಚ್ಚಲಿನ ದಿನವನ್ನೇ ನೋಡೋಣ. ಮಲೆನಾಡಿನ ಮಳೆಗಾಲದಲ್ಲಿ ಹಂಡೆಯ ನೀರು ಸುಡುಸುಡು ಇರಬೇಕು, ಇಲ್ಲದಿದ್ದರೆ ಮಿಂದ ಹಾಗೇ ಆಗುವುದಿಲ್ಲ. ಅಷ್ಟು ಬಿಸಿಗೆ ಚರ್ಮದ ರಕ್ತನಾಳಗಳೆಲ್ಲ ಹಿಗ್ಗುತ್ತವೆ. ಮೈ ಕೆಂಪಾಗುವುದು ಅದಕ್ಕೇ. ಅರ್ಧ ಗಂಟೆ ಮಣೆ ಮೇಲೆ ಕೂತು ಮಿಂದವಳು ಎದ್ದಳು. ರಕ್ತ ಕೆಳಗಿಳಿಯಿತು. ಎರಡೂ ಕೈ ತಲೆ ಮೇಲೆ, ಕಾಲು ಅಲುಗಾಡುತ್ತಿಲ್ಲ. ಹಾಸ್ಟೆಲಿನಿಂದ ಬಂದ ಹುಡುಗಿ ಬೆಳಗ್ಗೆ ಏನು ತಿಂದಿದ್ದಳು, ಎಷ್ಟು ನೀರು ಕುಡಿದಿದ್ದಳು ಎಂದು ಕೇಳಿ ನೋಡಿ. ಇದರಲ್ಲಿ ಯಾವುದೋ ಒಂದೇ ಆಗಿದ್ದರೆ ಅವಳ ನರಗಳು ತಡೆದುಕೊಳ್ಳುತ್ತಿದ್ದವು. ಎಲ್ಲ ಒಟ್ಟಿಗೆ ಬಂದವು.

ಕಣ್ಣು ಮೊದಲು ಮಂಜಾಗುವುದಕ್ಕೆ ಕಾರಣವಿದೆ. ಕಣ್ಣುಗುಡ್ಡೆಯ ಒಳಗೆ ಅದರದೇ ಒಂದು ಒತ್ತಡವಿರುತ್ತದೆ. ರಕ್ತ ಅದನ್ನು ಮೀರಿ ಒಳಗೆ ಹೋಗಬೇಕು. ಬಿಪಿ ಇಳಿದಾಗ ಮಿದುಳಿಗೆ ಇನ್ನೂ ರಕ್ತ ಹೋಗುತ್ತಿರುವಾಗಲೇ ಕಣ್ಣಿನ ಪರದೆಗೆ ನಿಲ್ಲುತ್ತದೆ. ಅಂಚು ಕಪ್ಪಾಗುತ್ತದೆ, ಆಮೇಲೆ ಪೂರ್ತಿ. ಮಾತನಾಡುವಷ್ಟು ಎಚ್ಚರ ಇರುವಾಗಲೇ ಕಣ್ಣು ಕಾಣದು. ಆಕಳಿಕೆ, ಬೆವರು, ಹೊಟ್ಟೆ ತೊಳಸುವುದು, ಕಿವಿ ಗುಂಯ್‌ ಎನ್ನುವುದು, ಜನರ ಮಾತು ದೂರದಿಂದ ಕೇಳಿದಂತಾಗುವುದು ಇವೂ ಅದೇ ಹೊತ್ತಿನವು. ನಿಮ್ಮ ಮಗಳಿಗೆ ಈ ಮುನ್ಸೂಚನೆ ಬರುತ್ತದೆ ಎನ್ನುವುದು ಬಹಳ ಸಮಾಧಾನದ ವಿಷಯ.

ಇನ್ನು ಕೈಕಾಲು ಅದುರಿದ್ದು. ಎಲ್ಲರಿಗೂ ಭಯ ಹುಟ್ಟಿಸುವುದು ಇದೇ. ಮಿದುಳಿಗೆ ಕೆಲವು ಸೆಕೆಂಡು ರಕ್ತ ಇಲ್ಲದಿದ್ದರೆ ಕೈಕಾಲು ಅದುರುತ್ತವೆ, ಅದಕ್ಕೆ ಅಪಸ್ಮಾರ ಇರಬೇಕೆಂದಿಲ್ಲ. 1994ರಲ್ಲಿ ಬರ್ಲಿನ್ನಿನ ವೈದ್ಯರು ಆರೋಗ್ಯವಂತ ಸ್ವಯಂಸೇವಕರನ್ನೇ ಕೆಲವು ಸೆಕೆಂಡು ಎಚ್ಚರ ತಪ್ಪಿಸಿ ವಿಡಿಯೊ ಮಾಡಿದರು. ಪೂರ್ತಿ ಎಚ್ಚರ ತಪ್ಪಿದವರಲ್ಲಿ ಶೇಕಡ 90ರಷ್ಟು ಮಂದಿಗೆ ಅದುರಿತ್ತು. ಹೆಚ್ಚಿನವರ ಕಣ್ಣೂ ತೆರೆದೇ ಇತ್ತು. ಫಿಟ್ಸಿನಲ್ಲಿ ಸಾಮಾನ್ಯವಾಗಿ ಮೈ ಸೆಟೆದು, ಒಂದು ಲಯದಲ್ಲಿ ಒಂದು ನಿಮಿಷ, ಎರಡು ನಿಮಿಷ ಎಳೆಯುತ್ತದೆ. ಮುಖ ನೀಲಿಗಟ್ಟಬಹುದು. ನಾಲಿಗೆಯ ಪಕ್ಕ ಕಚ್ಚಿ ಗಾಯವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎದ್ದ ಮೇಲೆ ಬಹಳ ಹೊತ್ತು ಮಂಕು, ಗೊಂದಲ ಇರುತ್ತದೆ. ನಿಮ್ಮ ಮಗಳ ಮುಖ ಬಿಳಿಚಿತ್ತು, ಅದುರಿದ್ದು ಸ್ವಲ್ಪ ಹೊತ್ತು, ಎದ್ದವಳೇ "ಏನಾಯ್ತು?" ಅಂದಳು. ಮೂರೂ ಸಿಂಕೊಪಿಯ ಕಡೆಗೇ ಕೈ ತೋರಿಸುತ್ತವೆ. ಮೂತ್ರ ಹೋದರೆ ಅದು ಫಿಟ್ಸೇ ಎನ್ನುವ ಮಾತೂ ಸರಿಯಲ್ಲ, ಅದು ಎರಡರಲ್ಲೂ ಆಗಬಹುದು.

ಅಂದಹಾಗೆ, ಅದುರಿದ್ದು ಕುರ್ಚಿಯಲ್ಲಿ ಕೂರಿಸಿದ ಮೇಲೆ ಎಂದು ನೀವೇ ಬರೆದಿದ್ದೀರಿ. ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ, ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತಾರೆ. ಬಿದ್ದವರನ್ನು ಕಂಡರೆ ಎತ್ತಿ ಕೂರಿಸಬೇಕು ಅನ್ನಿಸುತ್ತದೆ. ಆದರೆ ಬೀಳುವುದೇ ಆ ಹೊತ್ತಿಗೆ ದೇಹಕ್ಕೆ ಬೇಕಾದ ಔಷಧಿ. ನೆಲಕ್ಕೆ ಬಿದ್ದ ಕೂಡಲೇ ತಲೆ ಹೃದಯದ ಮಟ್ಟಕ್ಕೆ ಬರುತ್ತದೆ, ರಕ್ತ ಮಿದುಳಿಗೆ ಹೋಗುತ್ತದೆ, ಅರ್ಧ ನಿಮಿಷದೊಳಗೆ ಎಚ್ಚರವಾಗುತ್ತದೆ. ಎತ್ತಿ ಕೂರಿಸಿದರೆ ಮತ್ತೆ ರಕ್ತ ಕೆಳಗೆ. ಆಗ ಎಚ್ಚರ ತಪ್ಪಿದ ಹೊತ್ತು ಉದ್ದವಾಗುತ್ತದೆ, ಅದುರುವುದೂ ಜಾಸ್ತಿ. ಹಾಗಾಗಿ ಇನ್ನು ಮುಂದೆ ಬಿದ್ದಲ್ಲೇ ಮಲಗಿಸಿ. ಕಾಲು ಎರಡನ್ನೂ ಒಂದು ಮಣೆಯ ಮೇಲೋ ಕುರ್ಚಿಯ ಮೇಲೋ ಎತ್ತಿಡಿ. ವಾಂತಿ ಬರುವಂತಿದ್ದರೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ನೀರು ಹಾಕಬೇಡಿ, ಚಮಚ ಇಡಬೇಡಿ. ಕೈಯಲ್ಲಿ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಮಾಡುವಷ್ಟರಲ್ಲಿ ಅವಳು ತಾನಾಗಿಯೇ ಎದ್ದಿರುತ್ತಾಳೆ. ಹಾಗಾಗಿಯೇ ಆ ಪದ್ಧತಿಗಳಿಗೆ ಅಷ್ಟು ಒಳ್ಳೆಯ ಹೆಸರು ಉಳಿದಿರುವುದು. ಎಚ್ಚರವಾದ ಮೇಲೂ ಹತ್ತು ನಿಮಿಷ ಮಲಗಿರಲಿ. ಬೇಗ ಎದ್ದು ಎರಡನೇ ಸಲ ಬಿದ್ದು ಪೆಟ್ಟು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ.

ಅತ್ತೆಯವರ ಮಾತಿಗೆ ನೀವು ವಾದ ಮಾಡುವುದು ಬೇಡ. ಅವರಿಗೂ ಮೊಮ್ಮಗಳ ಮೇಲಿನ ಕಾಳಜಿಯೇ. ಗಾಳಿ ಸೋಕಿದ್ದಾಗಿದ್ದರೆ ಅದು ಪ್ರತಿ ಸಲವೂ ಅಲುಗಾಡದೆ ನಿಂತಾಗ, ಸೂಜಿ ಕಂಡಾಗ, ಬಿಸಿನೀರು ಮಿಂದಾಗಲೇ ಏಕೆ ಬರಬೇಕು ಎಂದು ಮೆಲ್ಲಗೆ ಕೇಳಿ, ಸಾಕು. ಪಿತ್ತ ಅನ್ನುವವರು ಹೇಳುವ ತೊಳಸುವಿಕೆ, ಬೆವರು ನಿಜವೇ. ಆದರೆ ಅದು ವೇಗಸ್ ಜೋರಾದದ್ದರ ಗುರುತು, ಕಾರಣವಲ್ಲ. ಲೋ ಬಿಪಿ ಬಗ್ಗೆ ಒಂದು ಮಾತು: 19 ವರ್ಷದ ತೆಳ್ಳಗಿನ ಹುಡುಗಿಗೆ 100/60 ಇದ್ದರೂ ಅದು ಕಾಯಿಲೆಯಲ್ಲ. ಅದಕ್ಕೆಂದು ಗ್ಲೂಕೋಸ್ ಬಾಟಲಿ ಹಾಕಿಸುವುದು, ಶಕ್ತಿ ಇಂಜೆಕ್ಷನ್ ಕೊಡಿಸುವುದು ಸುಮ್ನೆ ಖರ್ಚು. ಆ ಬಾಟಲಿಯ ನೀರು, ಉಪ್ಪು ಅಡುಗೆಮನೆಯಲ್ಲೇ ಇದೆ.

ಸೂಜಿಯ ವಿಷಯ ಸ್ವಲ್ಪ ಬೇರೆ. ಇಲ್ಲಿ ನಿಲ್ಲುವ ಅಗತ್ಯವೇ ಇಲ್ಲ, ಕೂತಲ್ಲೇ ಬೀಳುತ್ತಾರೆ. ರಕ್ತ, ಸೂಜಿ ಕಂಡಾಗ ಮೊದಲು ನಾಡಿ, ಬಿಪಿ ಏರುತ್ತವೆ, ಆಮೇಲೆ ಧಡಕ್ಕನೆ ಇಳಿಯುತ್ತವೆ. ಇದು ಹೆದರುಪುಕ್ಕಲುತನ ಅಲ್ಲ. ತೋಟದಲ್ಲಿ ಹಾವು ಹಿಡಿಯುವ ಗಟ್ಟಿಗರೂ ಸೂಜಿಗೆ ಬೀಳುತ್ತಾರೆ. ಮನೆತನದಲ್ಲಿ ಬರುವುದು ಹೆಚ್ಚಾಗಿ ಈ ಬಗೆಯೇ. ನಿಮ್ಮ ಕಡೆಯೋ ಯಜಮಾನರ ಕಡೆಯೋ ಯಾರಾದರೂ ಇಂಜೆಕ್ಷನ್‌ಗೆ ತಲೆ ತಿರುಗಿ ಬಿದ್ದವರಿದ್ದಾರಾ ವಿಚಾರಿಸಿ. ಇದಕ್ಕೆ 1980ರ ದಶಕದಲ್ಲಿ ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್ ಗೊರಾನ್ ಓಸ್ಟ್ ಒಂದು ಸರಳ ಅಭ್ಯಾಸ ಕಲಿಸಿದರು. ತೋಳು, ಹೊಟ್ಟೆ, ಕಾಲಿನ ಸ್ನಾಯುಗಳನ್ನು ಒಟ್ಟಿಗೆ ಬಿಗಿ ಹಿಡಿಯಬೇಕು. 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವ ತನಕ. ಆಮೇಲೆ 20ರಿಂದ 30 ಸೆಕೆಂಡು ಸಡಿಲ ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸಲ. ಮನೆಯಲ್ಲೇ ದಿನಾ ಕಲಿತಿರಬೇಕು, ಲ್ಯಾಬಿನಲ್ಲಿ ನೆನಪಿಸಿಕೊಂಡರೆ ಸಾಲದು. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಬೇಕು. ಇನ್ನು ಮುಂದೆ ರಕ್ತ ಕೊಡುವಾಗ "ಮಲಗಿಸಿ ತೆಗೀರಿ" ಎಂದು ಮೊದಲೇ ಹೇಳಲಿ. ಅದರಲ್ಲಿ ನಾಚಿಕೆಯೇನಿಲ್ಲ.

ನಿಂತಾಗ ಬರುವುದಕ್ಕೂ ಇದೇ ದಾರಿ. ಕಣ್ಣು ಮಂಜಾಗುತ್ತಿದೆ, ಹೊಟ್ಟೆ ತೊಳಸುತ್ತಿದೆ ಅಂದ ಕೂಡಲೇ ಒಂದು ಕಾಲನ್ನು ಇನ್ನೊಂದಕ್ಕೆ ಅಡ್ಡ ಹಾಕಿ, ತೊಡೆ, ಪೃಷ್ಠ, ಹೊಟ್ಟೆ ಬಿಗಿ ಹಿಡಿಯುವುದು. ಎರಡೂ ಕೈಬೆರಳನ್ನು ಕೊಕ್ಕೆಯಂತೆ ಸಿಕ್ಕಿಸಿ ಎಳೆಯುವುದು. ಬಿಗಿಯಾದ ಸ್ನಾಯು ಕೆಳಗೆ ನಿಂತ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ, ಬಿಪಿ ಕೆಲವೇ ಸೆಕೆಂಡಿನಲ್ಲಿ ಏರುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 223 ಜನರಿದ್ದರು. ಬರೀ ಸಾಮಾನ್ಯ ಸಲಹೆ ಪಡೆದವರಲ್ಲಿ ಶೇಕಡ 51ರಷ್ಟು ಮಂದಿ ಮತ್ತೆ ಬಿದ್ದರು. ಈ ಅಭ್ಯಾಸವನ್ನೂ ಕಲಿತವರಲ್ಲಿ ಶೇಕಡ 32. ಪೂರ್ತಿ ನಿಲ್ಲುವುದಿಲ್ಲ, ನಿಜ. ಆದರೆ ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಉಪಾಯಕ್ಕೆ ಇದು ಸಣ್ಣ ಲಾಭವಲ್ಲ. ಬಿಗಿ ಹಿಡಿದರೂ ತಡೆಯದಿದ್ದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂರಲಿ, ಇಲ್ಲವೇ ಮಲಗಲಿ. ದೇವಸ್ಥಾನದ ಸಾಲಾಗಲಿ, ಬಸ್ ಸ್ಟ್ಯಾಂಡಾಗಲಿ. ನಾಲ್ಕು ಜನ ನೋಡುತ್ತಾರೆಂದು ಗೋಡೆ ಹಿಡಿದು ನಿಂತೇ ಇರುವವರೇ ತಲೆ ಒಡೆದುಕೊಳ್ಳುವುದು.

ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಕುಡಿಯಲಿ. ಹಾಸ್ಟೆಲ್ ಹುಡುಗಿಯರು ಕಾಲೇಜಿನ ಶೌಚಾಲಯಕ್ಕೆ ಹೋಗಲು ಬೇಸರವಾಗಿ ನೀರೇ ಕುಡಿಯುವುದಿಲ್ಲ, ನನ್ನ ಹತ್ತಿರ ಬರುವವರಲ್ಲಿ ಇದನ್ನು ಮತ್ತೆಮತ್ತೆ ಕೇಳಿದ್ದೇನೆ. ತಿಂಡಿ ಬಿಡುವುದು ಬೇಡ. ಉಪ್ಪು ಸ್ವಲ್ಪ ಜಾಸ್ತಿ ಇರಲಿ. ನಮ್ಮ ಕಡೆ ಇದಕ್ಕೆ ಯಾವ ಪೌಡರೂ ಬೇಕಾಗಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ತಂಬುಳಿ, ಅಪ್ಪೆಹುಳಿ, ಊಟಕ್ಕೆ ಮಿಡಿ ಉಪ್ಪಿನಕಾಯಿ. ಆದರೆ ಬಿಪಿ ಜಾಸ್ತಿ ಇಲ್ಲದ, ಕಿಡ್ನಿ, ಹೃದಯ ಸರಿಯಿರುವ ಎಳೆಯರಿಗೆ ಮಾತ್ರ ಈ ಮಾತು. ಮನೆಮಂದಿಗೆಲ್ಲ ಅಲ್ಲ. ಎಣ್ಣೆಸ್ನಾನ ಬಿಡಬೇಕಿಲ್ಲ. ನೀರಿನ ಬಿಸಿ ಕಡಿಮೆ ಮಾಡಲಿ, ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯಲಿ, ತಲೆಯನ್ನು ಜಗುಲಿಯಲ್ಲಿ ಕೂತು ಒರೆಸಿಕೊಳ್ಳಲಿ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ.

ಮಾತ್ರೆಗಳಿವೆಯಾ ಎಂದರೆ, ಇವೆ. ಮಿಡೋಡ್ರಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಶೇಕಡ 42 ಮಂದಿ ಮತ್ತೆ ಬಿದ್ದರು, ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 61. ಆದರೆ ದಿನಕ್ಕೆ ಮೂರು ಸಲ ನುಂಗಬೇಕು. ತಲೆಬುರುಡೆ ಜುಮ್ಮೆನ್ನುತ್ತದೆ, ಮಲಗಿದಾಗ ಬಿಪಿ ಏರುತ್ತದೆ, ಕೆಲವರಿಗೆ ಮೂತ್ರ ಕಟ್ಟುತ್ತದೆ. ಪದೇಪದೇ ಬಿದ್ದು ಪೆಟ್ಟಾಗುವವರಿಗೆ ಕೊಡುತ್ತೇನೆ. ಕೆಲವು ವರ್ಷಗಳಲ್ಲಿ ಮೂರು ಸಲ ಬಿದ್ದ, ಮುನ್ಸೂಚನೆ ಬರುವ ಹುಡುಗಿಗೆ ಈಗ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹಿಂದೆ ಬಹಳ ಬರೆಯುತ್ತಿದ್ದ ಮೆಟೊಪ್ರೊಲಾಲ್ ಎಂಬ ನಾಡಿ ನಿಧಾನ ಮಾಡುವ ಮಾತ್ರೆ ಎಳೆಯರಿಗೆ ಉಪಯೋಗವಿಲ್ಲವೆಂದು 2006ರಲ್ಲೇ ಗೊತ್ತಾಗಿದೆ. ನಾಡಿ ಇಳಿಯದಂತೆ ಎದೆಯಲ್ಲಿ ಕೂರಿಸುವ ಪೇಸ್‌ಮೇಕರ್ ಇವಳ ವಯಸ್ಸಿನವರಿಗೆ ಮಾತೇ ಅಲ್ಲ. ಲೂಯಿಸ್ ಕಂಡದ್ದೇ ಕಾರಣ: ನಾಡಿಯನ್ನು ಏರಿಸಿದ ಮಾತ್ರಕ್ಕೆ ಸಡಿಲವಾದ ರಕ್ತನಾಳ ಬಿಗಿಯಾಗುವುದಿಲ್ಲ.

ಫಿಟ್ಸ್ ಮಾತ್ರೆಯನ್ನು ಈಗಲೇ ಶುರು ಮಾಡಬೇಡಿ. ಮೊದಲು ನರರೋಗ ತಜ್ಞರೊಬ್ಬರಿಗೆ ಈ ಪತ್ರವನ್ನು ಹೀಗೇ ಓದಿ ಹೇಳಿ. ಇಇಜಿ ನಾರ್ಮಲ್ ಬಂದರೆ ಫಿಟ್ಸ್ ಇಲ್ಲವೇ ಇಲ್ಲ ಎಂದು ಅರ್ಥವಲ್ಲ, ಅದಕ್ಕೆ ಅವರು ಘಟನೆಯ ವಿವರವನ್ನೇ ನೋಡಿ ತೀರ್ಮಾನಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ವಾಲ್‌ಪ್ರೊಯೇಟ್‌ನಂಥ ಕೆಲವು ಫಿಟ್ಸ್ ಮಾತ್ರೆಗಳು ಮುಂದೆ ಬಸಿರಾದಾಗ ಮಗುವಿಗೆ ಹಾನಿ ಮಾಡಬಲ್ಲವು. ಬೇಡದ ಹುಡುಗಿಗೆ ಅದನ್ನು ಕೊಡುವುದು ಸಣ್ಣ ತಪ್ಪಲ್ಲ. ಈಗಾಗಲೇ ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿರುವ ಬೇರೆ ಓದುಗರು ಮಾತ್ರ ಇದನ್ನು ಓದಿ ತಾವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ.

ಒಂದು ಪರೀಕ್ಷೆಯನ್ನು ಮಾತ್ರ ಬಿಡುವಂತಿಲ್ಲ, ಹೃದಯದ ವಿದ್ಯುತ್ ಸಂಚಾರ ನೋಡುವ ಇಸಿಜಿ. ಎಚ್ಚರ ತಪ್ಪಿದ ಪ್ರತಿಯೊಬ್ಬರಿಗೂ ಒಮ್ಮೆ ಆಗಲೇಬೇಕು. ಎಳೆಯರಲ್ಲೂ ಕೆಲವರಿಗೆ ಹೃದಯದ ವಿದ್ಯುತ್ ಸಂಚಾರದಲ್ಲಿ ಹುಟ್ಟಿನಿಂದಲೇ ದೋಷವಿರುತ್ತದೆ. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ಹೇಳಿ. ಟಿಲ್ಟ್ ಟೇಬಲ್ ಎನ್ನುವ ಪರೀಕ್ಷೆಯಲ್ಲಿ ಮಂಚಕ್ಕೆ ಕಟ್ಟಿ, ಓರೆಯಾಗಿ ನಿಲ್ಲಿಸಿ ಬಿಪಿ ನೋಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿದೆ. ಇಷ್ಟು ಸ್ಪಷ್ಟವಾದ ವಿವರ ಇರುವಾಗ ಅದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ.

ಆದರೆ ಓಡುತ್ತಿರುವಾಗ, ಆಟವಾಡುತ್ತಿರುವಾಗಲೇ ಬಿದ್ದರೆ ತಡಮಾಡಬೇಡಿ. ಮಲಗಿದ್ದಾಗ ಎಚ್ಚರ ತಪ್ಪಿದರೆ, ಮೊದಲು ಎದೆ ಡವಡವ ಎಂದು ಬಿದ್ದರೆ, ಎದೆನೋವು ಬಂದರೆ, ಯಾವ ಸೂಚನೆಯೂ ಇಲ್ಲದೆ ಧೊಪ್ಪೆಂದು ಬಿದ್ದರೆ ಅದೇ ದಿನ ಹೃದಯ ತಜ್ಞರ ಹತ್ತಿರ ಹೋಗಿ. ಮನೆತನದಲ್ಲಿ ಯಾರಾದರೂ 40ರ ಒಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಕೆರೆಯಲ್ಲಿ ಈಜು ಬರುವವರೇ ಮುಳುಗಿ ಹೋಗಿದ್ದರೆ ಅದನ್ನೂ ಹೇಳಬೇಕು. ಹಳೆಯ ದುಃಖವೆಂದು ಮುಚ್ಚಿಡಬೇಡಿ.

ಮಾವನವರ ವಿಷಯ. ಅವರಲ್ಲಿ ನರಗಳ ಆಜ್ಞೆ ತಿರುವುಮುರುವಾಗಿಲ್ಲ, ಆಜ್ಞೆ ತಲುಪುತ್ತಲೇ ಇಲ್ಲ. ಬಹಳ ವರ್ಷದ ಶುಗರ್ ರಕ್ತನಾಳ ಬಿಗಿ ಮಾಡುವ ಸಣ್ಣ ನರಗಳನ್ನು ಹಾಳುಮಾಡುತ್ತದೆ. ಅದರ ಮೇಲೆ ಬಿಪಿ ಮಾತ್ರೆ. ವಯಸ್ಸಾದ ಗಂಡಸರಿಗೆ ಮೂತ್ರ ಸರಾಗವಾಗಲೆಂದು ಕೊಡುವ ಟ್ಯಾಮ್ಸುಲೋಸಿನ್ ಇದ್ದರೆ ಅದೂ ರಕ್ತನಾಳ ಸಡಿಲ ಮಾಡುತ್ತದೆ. ನಿಂತಾಗ ಮಗಳಿಗೆ ಬರುವುದು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ, ಇವರದ್ದು ಎದ್ದ ಮೊದಲ ಮೂರು ನಿಮಿಷದೊಳಗೆ. ಹಾಗಾಗಿ ಇದನ್ನು ಮನೆಯಲ್ಲೇ ಹಿಡಿಯಬಹುದು. ಐದು ನಿಮಿಷ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಿ. ನಿಲ್ಲಿಸಿ, ಒಬ್ಬರು ಹಿಡಿದುಕೊಂಡಿರಿ, ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದೇ ಕಾರಣ. ಬಿಪಿ 20 ಇಳಿದರೂ ನಾಡಿ ಹತ್ತರಷ್ಟೂ ಏರಲಿಲ್ಲವೆಂದರೆ ನರಗಳಿಗೇ ಪೆಟ್ಟಾಗಿದೆ ಎಂದು ಅನುಮಾನಪಡಬೇಕು. ಕೂರಿಸಿ ಒಮ್ಮೆ ಅಳೆದು 140/80 ಎಂದು ಬರೆದು ಕಳಿಸಿದರೆ ಇದು ಯಾವತ್ತೂ ಸಿಕ್ಕುವುದಿಲ್ಲ.

ಅವರಿಗೆ ಉಪ್ಪು ಜಾಸ್ತಿ ಕೊಡಬೇಡಿ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ. ಇಂಥವರಲ್ಲಿ ಬಿಪಿ ನಿಂತಾಗ ಇಳಿಯುತ್ತದೆ, ಮಲಗಿದಾಗ ಏರುತ್ತದೆ. ಅದಕ್ಕೆ ಯಾವ ಮಾತ್ರೆ, ಯಾವ ಹೊತ್ತಿಗೆ ಎಂದು ವೈದ್ಯರೇ ಹೊಂದಿಸಬೇಕು. ಅಲ್ಲಿಯವರೆಗೆ ರಾತ್ರಿ ಎದ್ದ ಕೂಡಲೇ ನಡೆಯದೆ, ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸಿ, ಆಮೇಲೆ ಏಳಲಿ. ಮೂತ್ರವನ್ನು ಕೂತೇ ಮಾಡಲಿ. ಮಳೆಗಾಲದ ರಾತ್ರಿ ಹಿತ್ತಲಿಗೆ ಹೋಗುವ ಬದಲು ಮಂಚದ ಪಕ್ಕದಲ್ಲೇ ಯೂರಿನ್ ಪಾಟ್ ಇಡಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಒಂದೊಂದು ಇಟ್ಟಿಗೆ ಕೊಟ್ಟು ಎತ್ತರಿಸಿ, ಅಲುಗಾಡದಂತೆ ಭದ್ರ ಮಾಡಿ. ಗಡದ್ದಾಗಿ ಅನ್ನ ಉಂಡ ಎರಡು ಗಂಟೆಯೊಳಗೂ ಇವರಿಗೆ ಬಿಪಿ ಇಳಿಯಬಹುದು, ಆಗ ತೋಟದ ಕಡೆ ಒಬ್ಬರೇ ಹೋಗುವುದು ಬೇಡ.

ಮದುವೆಯ ಬಗ್ಗೆ ಕೇಳಿದ್ದೀರಿ. ಜೀವನದಲ್ಲಿ ಒಮ್ಮೆಯಾದರೂ ಹೀಗೆ ಎಚ್ಚರ ತಪ್ಪುವವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಹದಿಹರೆಯದಲ್ಲೇ ಜಾಸ್ತಿ, ಹಲವರಲ್ಲಿ ವಯಸ್ಸಾಗುತ್ತಾ ಕಡಿಮೆಯಾಗುತ್ತದೆ. ಆಯಸ್ಸಿಗೆ, ಓದಿಗೆ, ಬಸಿರಿಗೆ, ಹೆರಿಗೆಗೆ ಅಡ್ಡಿಯಿಲ್ಲ. ಬಸಿರಿನ ನಡುವಿನ ತಿಂಗಳುಗಳಲ್ಲಿ ಎಲ್ಲರಿಗೂ ಬಿಪಿ ಸ್ವಲ್ಪ ಇಳಿಯುತ್ತದೆ, ಆಗ ಇವಳು ಹೆಚ್ಚು ಎಚ್ಚರ ಇರಬೇಕು ಅಷ್ಟೆ. ಮದುವೆ ದಿನ ಮಾತ್ರ ಉಪವಾಸ ಮಾಡಿಸಬೇಡಿ. ಬೆಳಗಿನಿಂದ ಖಾಲಿ ಹೊಟ್ಟೆ, ಭಾರದ ಸೀರೆ, ಹೋಮದ ಹೊಗೆ, ಗಂಟೆಗಟ್ಟಲೆ ನಿಲ್ಲುವುದು. ಧಾರೆ ಮಂಟಪದಲ್ಲಿ ಮದುಮಗಳು ಕುಸಿಯುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ಪುರೋಹಿತರಿಗೆ ಹೇಳಿದರೆ ಹಾಲು, ಹಣ್ಣಿಗೆ ಅವರೇ ಒಪ್ಪುತ್ತಾರೆ.

ಇಸಿಜಿ ಸರಿಯಿದ್ದರೆ ಸ್ಕೂಟರ್ ಓಡಿಸಬಹುದು, ಸೂಚನೆ ಬಂದರೆ ಬದಿಗೆ ನಿಲ್ಲಿಸಿ ಕೂರಬೇಕು. ಕಟ್ಟೆಯಿಲ್ಲದ ಬಾವಿಯಿಂದ ನೀರು ಸೇದುವುದು, ಹೊಳೆಯಲ್ಲಿ ಒಬ್ಬಳೇ ಇಳಿಯುವುದು ಬೇಡ. ರೂಮಿನ ಗೆಳತಿಯರಿಗೆ ವಿಷಯ ತಿಳಿದಿರಲಿ. ಮತ್ತೆ ಬಿದ್ದರೆ ಒಬ್ಬರು ಮಲಗಿಸಿ ಕಾಲು ಎತ್ತಲಿ, ಇನ್ನೊಬ್ಬರು ಮೊಬೈಲಿನಲ್ಲಿ ಮುಖವೂ ಕೈಕಾಲೂ ಕಾಣುವಂತೆ ವಿಡಿಯೊ ಮಾಡಲಿ. ವೈದ್ಯರ ಹತ್ತಿರ ಹೋಗುವಾಗ ಆ ವಿಡಿಯೊ, ಇಸಿಜಿ, ಮಾವನವರ ಮಲಗಿದ ಮತ್ತು ನಿಂತ ಬಿಪಿ ಬರೆದ ಚೀಟಿ, ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ ಡಬ್ಬಿಗಳಿದ್ದರೆ ಅವೂ ಇರಲಿ.